ಅಕ್ಕನ ಮಿಷನ್ನಿನ ಸದ್ದು

"ಮೆಲ್ಲಗೆ, ಮೆಲ್ಲಗೆ! ಗೋಡೆಗೆ ತಾಗ್ತಿದೆ" ಎಂದು ಚಿಕ್ಕಮ್ಮ ಬಾಗಿಲಲ್ಲಿ ನಿಂತು ಗದರುತ್ತಿದ್ದರೂ ಅವನು ಸ್ಪೀಕರನ್ನು ಎದೆಗವಚಿಕೊಂಡು ಹಾಲ್‌ಗೆ ಹೋಗುವ ಮೆಟ್ಟಿಲು ಹತ್ತಿದ. ಒಳಗೆ ಅಕ್ಕನನ್ನು ಮಲಗಿಸಿದ್ದ ಪೆಟ್ಟಿಗೆಯ ಸುತ್ತ ಜನ ಪಿಸುಗುಟ್ಟುತ್ತಿದ್ದರು. ವ್ಯಾನ್ ಇನ್ನೂ ಬಂದಿರಲಿಲ್ಲ.

"ಸಾವಿನ ಮನೇಲಿ ಕಚೇರಿ ಇಟ್ಕೊಂಡಿದೀಯೇನೋ?"

"ಅವಳ ಮಗಳೇ ಕೇಳಿದ್ದು ಚಿಕ್ಕಮ್ಮ. ಅಮ್ಮ ನುಡಿಸ್ತಿದ್ದ ಮಿಷನ್ ಸದ್ದು ಒಂದ್ಸಲ ಕೇಳ್ಬೇಕಂತೆ."

"ಅದು ಕೆಟ್ಟು ಯಾವ ಕಾಲ ಆಯ್ತು!"

"ಸದ್ದು ಇದರೊಳಗಿದೆ" ಎಂದು ಲ್ಯಾಪ್‌ಟಾಪ್ ಚೀಲ ತೋರಿಸಿದ. ಚಿಕ್ಕಮ್ಮ ನಂಬಿದಂತೆ ಕಾಣಲಿಲ್ಲ.

ಅಕ್ಕನ ಜೊತೆ ಸ್ಟುಡಿಯೋದಲ್ಲಿ ಜೀವಮಾನವಿಡೀ ಡ್ರಮ್ಸ್ ಬಾರಿಸಿದ್ದ ಮುದುಕ ಪಕ್ಕದವರಿಗೆ ಹೇಳುತ್ತಿದ್ದ: "ಇವಳ ಸದ್ದಿಗೆ ಹಲ್ಲುಜ್ಜದೋರು ಈ ಊರಲ್ಲಿ ಯಾರಿದಾರೆ ಹೇಳಿ!" ಟೂತ್‌ಪೇಸ್ಟಿನ ಜಾಹೀರಾತು, ಸೋಪಿನದು, ರೈಲು ಬರುವ ಮುಂಚಿನ ಆ ಟಿಂಗ್‌ಟಾಂಗ್, ಎಲ್ಲವೂ ಅವಳ ಬೆರಳಿನವೇ. ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

*

ಅಕ್ಕನ ಮಿಷನ್ ಎಂದರೆ ಹಳೆಯ ಸಿಂಥಸೈಸರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡು. ಒಳಗಿನ ಪುಟ್ಟ ಬಿಡಿಭಾಗವೊಂದು ವಿದ್ಯುತ್ತನ್ನು ತುಂಬಿಕೊಂಡು, ಕಂಠಮಟ್ಟ ಆದೊಡನೆ ಒಮ್ಮೆಲೇ ಚೆಲ್ಲಿಬಿಡುತ್ತಿತ್ತು. ಆ ತುಂಬುವುದು ಚೆಲ್ಲುವುದೇ ಕ್ಷಣಕ್ಕೆ ನೂರಾರು ಬಾರಿ ನಡೆದು ಸ್ವರವಾಗುತ್ತಿತ್ತು. ಕಾವೇರಿದಂತೆ ಸ್ವರ ಜಾರುತ್ತಿತ್ತು. ಅಕ್ಕ ಸ್ವಿಚ್ ಹಾಕಿ, ಚಹಾ ಕುಡಿದು, ಆಮೇಲೆ ಅದನ್ನು ದಾರಿಗೆ ತರುತ್ತಿದ್ದಳು. ಕೊನೆಗೊಂದು ದಿನ ಅದು ಸುಟ್ಟುಹೋಯಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ.

"ನಾನು ಕಂಪ್ಯೂಟರಲ್ಲೇ ಮಾಡ್ಕೊಡ್ತೀನಿ ಬಿಡಕ್ಕ" ಎಂದುಬಿಟ್ಟ ಅವನು. ಪ್ರೋಗ್ರಾಂ ಬರೆಯುವುದೇ ಅವನ ಕೆಲಸ. ಮಿಷನ್ನನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹರವಿ, ಒಂದೊಂದು ಭಾಗದ ಕೆಲಸವನ್ನೂ ಕಂಪ್ಯೂಟರಿನ ಲೆಕ್ಕಕ್ಕೆ ಇಳಿಸಿದ.

ಮೊದಲ ಸಲ ಕೇಳಿ ಅಕ್ಕ ನಕ್ಕಳು. "ಇದು ಸೊಳ್ಳೆ ಕಣೋ."

ಸ್ವರ ಅತ್ತಿತ್ತ ಓಲಾಡುವಂತೆ ಮಾಡಿದ.

"ಈಗ ನಡುಗ್ತಿದೆ. ನಂದು ನಡುಗ್ತಿರ್ಲಿಲ್ಲ, ಬೆಚ್ಚಗಾಗ್ತಿತ್ತು."

ಮತ್ತೆ ಮೊದಲಿಂದ. ವರ್ಷಗಳು ಉರುಳಿದವು. ಪ್ರತಿ ಭಾಗವೂ ಕಾವೇರುವ ಬಗೆಯನ್ನು ಪ್ರೋಗ್ರಾಂನಲ್ಲಿ ಬರೆದು ಮುಗಿಸುವಷ್ಟರಲ್ಲಿ ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು.

ಆಸ್ಪತ್ರೆಯಲ್ಲಿ ಅವಳ ಕಿವಿಗೆ ಹೆಡ್‌ಫೋನ್ ಇಟ್ಟ. ಅವಳು ಕಣ್ಣು ತೆರೆದಳು. ಎಡಗೈಯ ಬೆರಳು ಹೊದಿಕೆಯ ಮೇಲೆ ಅಲುಗಿತು.

"ಸರಿ ಇದ್ಯಾ ಅಕ್ಕ? ಸರಿ ಇದ್ರೆ ಇನ್ನೊಂದ್ಸಲ ಅಲ್ಲಾಡ್ಸು."

ಅವಳು ಅವನನ್ನೇ ನೋಡಿದಳು. ಬೆರಳು ಅಲುಗಲಿಲ್ಲ.

"ಸುಸ್ತಾಗಿದಾರೆ, ಬಿಡಿ ಸರ್" ಎಂದು ನರ್ಸ್ ಹೆಡ್‌ಫೋನ್ ತೆಗೆದಳು.

*

ಪೆಟ್ಟಿಗೆಯ ಬಳಿ ತಂತಿಗಳನ್ನು ಜೋಡಿಸಿ, ಪುಟ್ಟ ಕೀಬೋರ್ಡನ್ನು ಮೇಜಿನ ಮೇಲಿಟ್ಟ. ಜನ ಹತ್ತಿರ ಸರಿದರು.

"ಹೂಂ, ಶುರುಮಾಡಪ್ಪ" ಎಂದ ಡ್ರಮ್ಮಿನ ಮುದುಕ.

ಅವನ ಕೈ ಕೀಗಳ ಮೇಲೆ ಹೋಗಿ ಅಲ್ಲೇ ನಿಂತಿತು. "ನಂಗೆ ನುಡಿಸಕ್ಕೆ ಬರಲ್ಲ" ಎಂದ, ತನಗೂ ಈಗಲೇ ಗೊತ್ತಾದವನಂತೆ. "ನೀವು?"

"ನನ್ನ ಕೈಗೆ ಕೋಲು ಕೊಡು, ಬಾರಿಸ್ತೀನಿ. ಇದು ನನ್ನಿಂದಾಗಲ್ಲ."

ಅಕ್ಕನ ಮಗಳು ಎದ್ದು ಬಂದಳು. "ಅಮ್ಮ ಕಲಿ ಕಲಿ ಅಂತ ಬಡ್ಕೊಂಡ್ಲು ಮಾಮ. ನಾನು ಕೂತ್ಕೊಳ್ಳೇ ಇಲ್ಲ." ಕುರ್ಚಿ ಎಳೆದು ಕೂತು, ಒಂದೇ ಒಂದು ಕೀ ಒತ್ತಿದಳು.

ಮಂದ್ರ ಸ್ವರವೊಂದು ಎದ್ದು ಹಾಲ್ ತುಂಬಿತು. ಮುದುಕ ಮುಖ ಮುಚ್ಚಿಕೊಂಡ. "ಅವಳೇ ಕಣೋ, ಥೇಟ್ ಅವಳೇ!"

"ಅಮ್ಮಂದು ಹೀಗೇ ಇತ್ತಾ ಮಾಮ?"

"ಗೊತ್ತಿಲ್ಲ ಪುಟ್ಟಿ. ಹೇಳೋಳು ಅವಳೊಬ್ಬಳೇ ಇದ್ಲು."

ಹೊರಗೆ ವ್ಯಾನಿನ ಹಾರ್ನ್ ಕೇಳಿತು. ಪೆಟ್ಟಿಗೆ ಎತ್ತಿದರು. ಅವನೂ ಹೆಗಲು ಕೊಡಬೇಕಿತ್ತು. ಕೀ ಒತ್ತಿರುವ ತನಕ ಆ ಸ್ವರ ನಿಲ್ಲುವುದಿಲ್ಲ. ಹಾಗೆ ಬರೆದವನು ಅವನೇ. ಸಾಕು, ಬಿಡು ಎನ್ನಲಾರದೆ ಅವನು ಮೇಜಿನ ಬಳಿಯೇ ನಿಂತ. ಬಾಗಿಲಿಂದ ಚಿಕ್ಕಮ್ಮ ಅವನನ್ನು ಒಮ್ಮೆ ಕರೆದಳು. ಹೊತ್ತವರು ಹುಡುಗಿಯ ಕುರ್ಚಿಯನ್ನು ಬಳಸಿಕೊಂಡು, ಪೆಟ್ಟಿಗೆ ಅವಳ ಭುಜಕ್ಕೆ ತಾಗದಂತೆ ಓರೆಯಾಗಿ ಸಾಗಿದರು. ಅವಳು ತಲೆ ಎತ್ತಲಿಲ್ಲ. ಒತ್ತಿ ಒತ್ತಿ ಅವಳ ಉಗುರು ಬೆಳ್ಳಗಾಗಿತ್ತು.