ಸುಮ್ಮನೆ ಓಡುವುದು

ಹನೀಫಾನ ಮನೆಯಂಗಳದ ತೆಂಗಿನಮರಕ್ಕೆ ಟರ್ಪಾಲು ಕಟ್ಟುತ್ತಿದ್ದ ಶಂಭು ಶೆಟ್ಟರು ಹಗ್ಗ ಎಳೆಯುವುದನ್ನು ನಿಲ್ಲಿಸಿದರು.

"ಬೆಳಿಗ್ಗೆ ನೀವು ಅವನನ್ನು ನೋಡಿದ್ರಂತಲ್ಲ?" ಹನೀಫಾನ ಅಣ್ಣ ಅಬ್ದುಲ್ ಸಮದ್ ಕೇಳಿದ್ದರು. ಒಳಗೆ ಹನೀಫಾನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು.

"ನೋಡಿದ್ದೆ. ನಮ್ಮ ಗೇಟಿನೆದುರು ಓಡಿಕೊಂಡು ಹೋದ್ರು. ಕೈ ಎತ್ತಿದ್ರು. ನಾನೂ ಎತ್ತಿದೆ."

"ದಿನಾ ಎತ್ತುತ್ತಿದ್ದನಲ್ಲ."

"ಹೌದು. ಆದ್ರೆ ಇವತ್ತು ಎರಡು ಸಲ ಎತ್ತಿದ ಹಾಗೆ... ಗೊತ್ತಾಗುವುದಿಲ್ಲ ಮಾರಾಯ್ರೆ."

ಶೆಟ್ಟರ ಗೇಟಿನಾಚೆಯ ತಿರುವಿನಲ್ಲಿ, ಮೋರಿಯ ಹತ್ತಿರ ಹನೀಫಾ ಬಿದ್ದಿದ್ದುದನ್ನು ಮೊದಲ ಬಸ್ಸಿನವರು ಕಂಡಿದ್ದರು.

* * *

ಸೌದಿಯ ದಮ್ಮಾಮಿನಿಂದ ಬಂದು ವಾಮದಪದವಿನಲ್ಲಿ ಚಪ್ಪಲಿ ಅಂಗಡಿ ಹಾಕಿದ ಹನೀಫಾ ಮೊದಲ ಸಲ ಆ ರಸ್ತೆಯಲ್ಲಿ ಓಡಿದಾಗ, ಎಲ್ಲೋ ಬೆಂಕಿ ಬಿದ್ದಿದೆಯೆಂದು ಶೆಟ್ಟರು ಕೊಡಪಾನ ಹಿಡಿದು ಹಿಂದೆಯೇ ಓಡಿದ್ದರು. ಅವರ ಆಳು ನೋಣಯ್ಯ ಹಾವೆಂದುಕೊಂಡು ದೊಣ್ಣೆ ತಂದಿದ್ದ.

"ಏನೂ ಆಗ್ಲಿಲ್ಲ ಶಂಭಣ್ಣ. ಸುಮ್ಮನೆ ಓಡುವುದು."

"ಯಾರೂ ಬೆನ್ನಟ್ಟದೆ ಓಡ್ಲಿಕ್ಕೆ ನಿಮಗೆ ಮರ್ಲಾ ಮಾರಾಯ್ರೆ?"

ಹನೀಫಾ ಏದುಸಿರು ಬಿಡುತ್ತ ನಕ್ಕಿದ್ದ. "ಅಲ್ಲಿ ಕಡಲ ಬದಿಯಲ್ಲಿ ಎಷ್ಟೋ ಜನ ಓಡ್ತಾರೆ, ಯಾರೂ ಕೇಳುವುದಿಲ್ಲ. ನೀವೂ ಕೇಳ್ಬೇಡಿ. ನಿಂತು ಉತ್ತರ ಕೊಟ್ರೆ ಮತ್ತೆ ಓಡ್ಲಿಕ್ಕಾಗುವುದಿಲ್ಲ. ನಾನು ಕೈ ಎತ್ತುತ್ತೇನೆ, ನೀವೂ ಎತ್ತಿ. ಆಯ್ತಲ್ಲ?"

ಕೇಳದೆ ಇರುವುದನ್ನು ಕಲಿಯಲು ಊರಿಗೆ ಒಂದು ಮಳೆಗಾಲವೇ ಹಿಡಿಯಿತು.

* * *

ಹನೀಫಾನ ಮಗ ನವಾಝ್ ಹೊರಗೆ ಬಂದ. ಶೆಟ್ಟರು ಅವನನ್ನು ಬದಿಗೆ ಕರೆದರು.

"ಮಗಾ, ಹೊರಡುವಾಗ ಅಪ್ಪ ಏನಾದ್ರೂ ಹೇಳಿದ್ರಾ?"

"ಎದೆಯಲ್ಲಿ ಗ್ಯಾಸ್ ಅಂದ್ರು. ಓಡಿದ್ರೆ ಹೋಗ್ತದೆ ಅಂತ ಶೂ ಹಾಕಿದ್ರು. ಯಾಕೆ ಶೆಟ್ರೇ?"

"ಏನಿಲ್ಲ."

ಹಾಗಾದರೆ ದಿನದ ಓಟವೇ. ಅಥವಾ ಗೇಟಿನ ಹತ್ತಿರ ಬರುವಾಗ ಅದು ಬೇರೇನೋ ಆಗಿತ್ತೇ? ಶೆಟ್ಟರು ತಮ್ಮ ಬಲಗೈ ಎತ್ತಿ ನೋಡಿದರು. ಹೋಗಿಬರುತ್ತೇನೆ ಎನ್ನಲೂ ಹೀಗೇ. ಬನ್ನಿ ಎನ್ನಲೂ ಹೀಗೇ.

"ಮಯ್ಯತ್ ತಡ ಮಾಡ್ಬಾರ್ದು, ಎತ್ತುವ," ಎಂದರು ಸಮದ್.

ಶವದ ಮಂಚ ಭುಜದಿಂದ ಭುಜಕ್ಕೆ ದಾಟುತ್ತ ಬಿರುಬಿರನೆ ಮಸೀದಿಯ ಕಡೆಗೆ ಸಾಗಿತು. ಶೆಟ್ಟರು ಚಪ್ಪಲಿ ಹುಡುಕುವಷ್ಟರಲ್ಲಿ ಅದು ತಿರುವು ದಾಟಿ ಮರೆಯಾಗಿತ್ತು. ಅವರು ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲೇ ಓಡಿದರು.

ಗದ್ದೆಯ ಹುಣಿಯಿಂದ ಆಗಷ್ಟೇ ರಸ್ತೆಗೆ ಹತ್ತಿದ ಹಾಲಿನ ಅಮ್ಮಣ್ಣಿ ಕೂಗಿದಳು.

"ಶೆಟ್ರೇ! ಏನಾಯ್ತು?"

ಮಾತಾಡಲು ಉಸಿರಿರಲಿಲ್ಲ. ಶೆಟ್ಟರು ಕೈ ಎತ್ತಿದರು.

ಅಮ್ಮಣ್ಣಿ ಹಾಲಿನ ಕ್ಯಾನನ್ನು ರಸ್ತೆ ಬದಿಯಲ್ಲೇ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಹಿಂದೆಯೇ ಓಡತೊಡಗಿದಳು.