ಡೀಲಿಯಾ ನುಂಗಿದ ಸ್ವರ

ಕೈಕಾಲು ಮುರಿದವರು ಎಲುಬು ಕೂಡಿಸುವವನನ್ನು ಹುಡುಕಿಕೊಂಡು ಹೋಗುವ ಹಾಗೆ, ಪಶ್ಚಿಮ ಕ್ಲೇರಿನ ಜನ ತಮ್ಮ ಕುಂಟು ಮಟ್ಟುಗಳನ್ನು ಹೊತ್ತುಕೊಂಡು ಸೆನನ್ ಟಾಲ್ಟಿಯ ಮನೆಗೆ ಬರುತ್ತಿದ್ದರು. ಒಬ್ಬನ ರೀಲ್ ಕುಣಿತದ ಮಟ್ಟು ನಡುದಾರಿಯಲ್ಲಿ ಎಡವುತ್ತಿತ್ತು. ಇನ್ನೊಬ್ಬನ ಜಿಗ್ ಕುಣಿಯುವವರ ಕಾಲಿಗೇ ಸಿಗುತ್ತಿರಲಿಲ್ಲ. ಮತ್ತೊಬ್ಬನಿಗೆ ಅಜ್ಜ ಕಲಿಸಿದ ಮಟ್ಟಿನ ಕೊನೆಯ ಭಾಗವೇ ಮರೆತುಹೋಗಿರುತ್ತಿತ್ತು. ಸೆನನ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ. ತಪ್ಪು ಬಂದ ಕಡೆ ಹಲ್ಲುನೋವು ಬಂದವನಂತೆ ಮುಖ ಕಿವುಚುತ್ತಿದ್ದ. ಆಮೇಲೆ ಬಾಯಲ್ಲೇ ಡಿಡ್ಲ ಡಿಡ್ಲ ಎಂದು ಸರಿಯಾದದ್ದನ್ನು ಹಾಡಿ ತೋರಿಸಿ, ಬಂದವರು ಅದನ್ನು ಒಪ್ಪಿಸುವ ತನಕ ಮೇಲೇಳಲು ಬಿಡುತ್ತಿರಲಿಲ್ಲ. ಹೊಗಳುವ ಅಭ್ಯಾಸ ಅವನಿಗಿರಲಿಲ್ಲ. "ಪರವಾಗಿಲ್ಲ" ಎಂದನೆಂದರೆ ಅದೇ ದೊಡ್ಡ ಬಹುಮಾನ. ಅಷ್ಟನ್ನು ಕೇಳಿಸಿಕೊಂಡವರು ಹೋಗುವ ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಹೋಗುತ್ತಿದ್ದರು.

ಆದರೆ ಅವನು ಮಾತ್ರ ಈಗ ಏನನ್ನೂ ನುಡಿಸುತ್ತಿರಲಿಲ್ಲ. ಅವನ ಪೈಪ್ಸ್ ಪೆಟ್ಟಿಗೆಯೊಳಗೆ ಮಲಗಿ, ಪೆಟ್ಟಿಗೆ ಬೆಂಚಿನ ಕೆಳಗೆ ಸೇರಿ ಬಹಳ ಕಾಲವಾಗಿತ್ತು. ಬಾಯಲ್ಲಿ ಊದುವ ವಾದ್ಯವಲ್ಲ ಅದು. ಒಂದು ಮೊಣಕೈಯಡಿ ತಿದಿ, ಇನ್ನೊಂದರಡಿ ತೊಗಲಿನ ಚೀಲ. ತಿದಿ ಒತ್ತಿದರೆ ಚೀಲ ತುಂಬುತ್ತದೆ, ಚೀಲ ಒತ್ತಿದರೆ ಮಡಿಲಲ್ಲಿರುವ ಕೊಳವೆ ಹಾಡುತ್ತದೆ. ನುಡಿಸುವವನ ಬಾಯಿ ಖಾಲಿಯೇ ಇರುತ್ತದೆ. ನುಡಿಸುತ್ತಿದ್ದ ಕಾಲದಲ್ಲಿ ಆ ಖಾಲಿ ಬಾಯನ್ನು ಸೆನನ್ ಬೇರೆಯವರನ್ನು ಗದರಿಸುವುದಕ್ಕೆ ಬಳಸುತ್ತಿದ್ದ. ಜಿಗ್ ಒಂದು ಸ್ವರವೂ ತಪ್ಪದೆ ಓಡುತ್ತಿರುವಾಗಲೇ ಪಕ್ಕದಲ್ಲಿ ಕೊಳಲು ಹಿಡಿದವರಿಗೆ ಬೈಗುಳವೂ ನಡೆಯುತ್ತಿತ್ತು.

ಆ ಬೈಗುಳದಲ್ಲಿ ಹೆಚ್ಚು ಪಾಲು ಮಗಳು ಡೀಲಿಯಾಳದ್ದು. ಒಬ್ಬಳೇ ಮಗಳು. ತಗಡಿನ ಕೊಳಲು ಅವಳ ಏಪ್ರನ್ನಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಹಾಲು ಕರೆದು ಬಂದು, ಕೈ ಒರೆಸಿಕೊಳ್ಳದೆ ಕೊಳಲು ತೆಗೆದು ಅಪ್ಪನ ಎದುರು ಕೂರುವಳು. ಮನೆಯ ಸ್ವಂತದ್ದೊಂದು ಮಟ್ಟಿತ್ತು, ಗೇಟಿನ ಜಿಗ್. ಸೆನನ್ನನ ಅಜ್ಜ ಹಸು ಕರು ಹಾಕುವುದನ್ನೇ ಕಾಯುತ್ತಾ ಗೇಟಿಗೆ ಒರಗಿ ನಿಂತು ಕಟ್ಟಿದ್ದಂತೆ. ಅದರ ಎರಡನೆಯ ಭಾಗ ಗುಡ್ಡ ಹತ್ತಿದಂತೆ ಮೇಲಕ್ಕೆ ಹತ್ತುತ್ತದೆ. ಆ ತುದಿಯ ಸ್ವರವನ್ನು ಡೀಲಿಯಾ ಕೊನೆಕೊನೆಗೆ ನುಂಗತೊಡಗಿದಳು. ಅಲ್ಲಿ ಸ್ವರದ ಬದಲು ಒಂದು ಚೂರು ಉಸಿರು, ಆಮೇಲೆ ಇಳಿಯುವುದು. ಸೋಮಾರಿತನ ಎಂದುಕೊಂಡ ಸೆನನ್. ಒಂದು ಕ್ರಿಸ್‌ಮಸ್ಸಿಗೆ ಮನೆ ತುಂಬ ಜನ ಕುಣಿಯುತ್ತಿರುವಾಗ ಎಲ್ಲರೆದುರೇ ಕೂಗಿಬಿಟ್ಟ: "ಊಟಕ್ಕೆ ಹಾಕಿರ್ಲಿಲ್ವೇನೇ ನಿಂಗೆ? ಸ್ವರ ಯಾಕೆ ನುಂಗ್ತೀಯ?" ಜನ ನಕ್ಕರು. ಡೀಲಿಯಾಳೂ ನಕ್ಕಳು.

ಮುಂದಿನ ವಸಂತದಲ್ಲೇ ಅವಳನ್ನು ದೂರದ ಕ್ಷಯದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ಮರಳಲಿಲ್ಲ. ಆ ಕಾಯಿಲೆಯ ಹೆಸರನ್ನು ಊರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕಾಯಿಲೆಯವರ ಸಾಮಾನು ಸುಡಬೇಕೆಂಬುದು ಎಲ್ಲರಿಗೂ ಗೊತ್ತು. ಸೆನನ್ನನ ಹೆಂಡತಿ ನೋನಿ ಹಾಸಿಗೆ, ಬಟ್ಟೆ, ತಲೆಯ ರಿಬ್ಬನ್ನು, ಆಸ್ಪತ್ರೆಯಿಂದ ಕಳಿಸಿದ ಗಂಟು, ಎಲ್ಲವನ್ನೂ ಹಿತ್ತಿಲಲ್ಲಿ ರಾಶಿ ಹಾಕಿ ಸುಟ್ಟಳು, ಕೋಣೆಗೆ ಸುಣ್ಣ ಬಳಿದಳು. ಗಂಟಿನಲ್ಲಿದ್ದ ಕೊಳಲಿನ ಬಾಯಿಯ ಮರದ ತುಂಡು ಬೂದಿಯಾಗಿ, ಕಪ್ಪು ತಗಡಿನ ಕೊಳವೆಯೊಂದು ಉಳಿಯಿತು. ಅದರಲ್ಲಿ ಊದಿದರೆ ಗಾಳಿ ಆಚೆ ಹೋಗುತ್ತಿತ್ತು, ಅಷ್ಟೆ.

ಸೆನನ್ನನನ್ನು ಕೊರೆಯುತ್ತಿದ್ದುದು ಇನ್ನೊಂದು. ಮಗಳ ಮುಖ ಅವನಿಗೆ ನೆನಪಾಗುತ್ತಿತ್ತು, ನಗು ನೆನಪಾಗುತ್ತಿತ್ತು, ಅವಳ ಕೊಳಲು ಮಾತ್ರ ನೆನಪಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಗೇಟಿನ ಜಿಗ್ ನೆನೆದರೆ ಬರುತ್ತಿದ್ದುದು ಸರಿಯಾದ ಜಿಗ್, ಅಂದರೆ ಅವನದೇ. ಅಷ್ಟು ವರ್ಷ ತಿದ್ದಿ ತಿದ್ದಿ ಅವನ ಕಿವಿಗೆ ತಪ್ಪನ್ನು ಹಿಡಿಯುವುದು ಗೊತ್ತಿತ್ತೇ ಹೊರತು ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಒಂದೇ ಒಂದು ಸಲ ಅವಳು ನುಡಿಸಿದ್ದು ಕೇಳಿಸಿದರೆ ಸಾಕೆಂದು ಅವನು ಪೂಜೆಯ ಹೊತ್ತಿನಲ್ಲಿ ಚರ್ಚಿನಲ್ಲಿ ಬೇಡಿಕೊಳ್ಳುವುದಿತ್ತು. ಹೆಂಡತಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಚರ್ಚಿನಿಂದ ಬಂದು ಅವನು ಬೂಟು ಬಿಚ್ಚುತ್ತಿರುವಾಗ ಅಂಗಳದಲ್ಲಿ ಸೈಕಲ್ಲಿನ ಸದ್ದಾಯಿತು. ನೋನಿ ಎರಡು ಹೊಲದಾಚೆಯ ಬಾವಿಗೆ ನೀರಿಗೆ ಹೋಗಿದ್ದಳು. ಬಾಗಿಲಲ್ಲಿ ತೆಳ್ಳಗಿನ ಹೆಂಗಸೊಬ್ಬಳು ನಿಂತಿದ್ದಳು. ಮೂವತ್ತರ ಒಳಗಿನ ವಯಸ್ಸು, ಗಾಳಿಗೆ ಕೆಂಪಾದ ಮೂಗು.

"ಟಾಲ್ಟಿಯವ್ರ ಮನೆ ಇದೇ ಅಲ್ವಾ?"

"ಇದೇ. ಒಳಗ್ ಬಾ. ನಾಯಿಗೆ ಹೆದರ್ಬೇಡ, ಅದಕ್ಕೆ ಹಲ್ಲಿಲ್ಲ. ಯಾವೂರಮ್ಮ?"

"ರಾಸ್‌ಕಾಮನ್. ವಿನಿ ಗೆರಟಿ ಅಂತ ನನ್ನ ಹೆಸ್ರು. ಈಗ ಎನ್ನಿಸ್‌ನಲ್ಲಿ ಹೋಟೆಲ್ ಅಡುಗೆಮನೇಲಿ ಕೆಲ್ಸ ಮಾಡ್ತೀನಿ."

"ರಾಸ್‌ಕಾಮನ್ನೋರು ಕುರಿ ಚೆನ್ನಾಗಿ ಸಾಕ್ತಾರೆ. ಮಟ್ಟನ್ನ ಹೇಗ್ ಸಾಕ್ತಾರೋ ನೋಡೋಣ. ಏನ್ ತಂದಿದೀಯ?"

"ಒಂದು ಜಿಗ್. ನಿಮಗೆ ಕೇಳಿಸ್ಬೇಕು ಅಂತ."

"ಏನಾಗಿದೆ ಅದಕ್ಕೆ?"

ಅವಳು ಅವನ ಮುಖವನ್ನೇ ನೋಡಿದಳು. "ನೀವೇ ಕೇಳಿ ಹೇಳಿ."

ಕೋಟಿನ ಜೇಬಿನಿಂದ ತಗಡಿನ ಕೊಳಲು ತೆಗೆದು, ಬೆಚ್ಚಗಾಗಲೆಂದು ಸ್ವಲ್ಪ ಹೊತ್ತು ಕಂಕುಳಲ್ಲಿಟ್ಟುಕೊಂಡು, ಆಮೇಲೆ ನುಡಿಸಿದಳು.

ಗೇಟಿನ ಜಿಗ್. ಸೆನನ್ ಕುರ್ಚಿಯ ಕೈ ಹಿಡಿದುಕೊಂಡ. ಅದು ಅವನು ಹಲವರಿಗೆ ಕಲಿಸಿದ್ದ ಮಟ್ಟೇ. ಕಲಿತವರು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗಿದ್ದರು, ಎಲ್ಲಿಂದಲಾದರೂ ತಿರುಗಿ ಬರಬಹುದಿತ್ತು. ಆದರೂ ಡೀಲಿಯಾ ಹೋದಮೇಲೆ ಈ ಮನೆಯೊಳಗೆ ಅದು ಕೇಳಿರಲಿಲ್ಲ. ಸಾಕು, ಬೇರೆ ಯಾವುದಾದರೂ ನುಡಿಸು ಎನ್ನಲು ಅವನು ಕೈ ಎತ್ತಿದ. ಅಷ್ಟರಲ್ಲಿ ಮಟ್ಟು ಎರಡನೆಯ ಭಾಗಕ್ಕೆ ಹೊರಳಿ ಮೇಲಕ್ಕೆ ಹತ್ತಿತು. ತುದಿಯಲ್ಲಿ ಸ್ವರವಿಲ್ಲ. ಒಂದು ಚೂರು ಉಸಿರು, ಇಳಿಯಿತು.

ಎತ್ತಿದ ಕೈ ಕುರ್ಚಿಯ ಮೇಲೆ ಪಟ್ಟನೆ ಬಿತ್ತು. ಅವನ ದುಃಖಕ್ಕಿಂತ ಅವನ ಸಿಟ್ಟಿಗೆ ವಯಸ್ಸು ಹೆಚ್ಚು. ಅದೇ ಮೊದಲು ಎದ್ದು ನಿಂತಿತು.

"ನುಂಗ್‌ದೆ!"

ವಿನಿಯ ಮುಖ ಅರಳಿತು. "ಹೌದು, ನುಂಗ್‌ದೆ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. "ಗೊತ್ತಾಯ್ತಾ?"

"ಗೊತ್ತಾಗ್ದೆ ಏನು! ಕಿವುಡನಿಗೂ ಗೊತ್ತಾಗತ್ತೆ. ಕೊಳಲಿನೋರಿಗೆಲ್ಲ ಇದೇ ರೋಗ, ಅಲ್ಲಿಗ್ ಬಂದ್ ಕೂಡ್ಲೇ ಬಾಯ್ ಕಳೀತೀರ. ಉಸಿರನ್ನ ಹತ್ತೋಕೆ ಮುಂಚೆ ತಗೋಬೇಕು, ಹತ್ತಿದ ಮೇಲಲ್ಲ. ಎಲ್ಲಿ, ಇನ್ನೊಂದ್ಸಲ."

ಅರಳಿದ ಮುಖ ಬಾಡಿತು. ಸೆನನ್ ಅದನ್ನು ಗಮನಿಸಲಿಲ್ಲ. ತಪ್ಪು ತೋರಿಸಿದರೆ ಯಾರ ಮುಖ ತಾನೇ ಬಾಡುವುದಿಲ್ಲ. ಅವಳು ಏನೋ ಹೇಳಹೊರಟು, ಹೇಳದೆ, ಕೊಳಲನ್ನು ತುಟಿಗಿಟ್ಟಳು. ಅವನು ಬಾಯಲ್ಲಿ ಹಾಡಿದ, ಅವಳು ಹಿಂದೆಯೇ ನುಡಿಸಿದಳು. ತಪ್ಪಿತು. ಮತ್ತೆ ಹಾಡಿದ. ಮೊಣಕಾಲು ತಟ್ಟಿ ತಾಳ ಕೊಟ್ಟ, ಉಸಿರಿನ ಜಾಗ ಬಂದಾಗಲೆಲ್ಲ ಬೆರಳೆತ್ತಿ ತೋರಿಸಿದ. ಅವಳ ಕಿವಿ ಚುರುಕು. ಮೊದಲು ಆ ಸ್ವರ ಅರ್ಧ ಬಂತು, ಆಮೇಲೆ ಮುಕ್ಕಾಲು. ಕೊನೆಗೆ ತುಂಬಿಕೊಂಡು ಬಂತು. ಮತ್ತೆ ಮತ್ತೆ ನುಡಿಸಿ ಗಟ್ಟಿಮಾಡಿಸಿದ. ಹಳೆಯ ಅಭ್ಯಾಸ ಬೇರುಸಮೇತ ಹೋಗುವ ತನಕ ಬಿಡುವವನಲ್ಲ ಅವನು.

"ಪರವಾಗಿಲ್ಲ," ಎಂದ ಕೊನೆಗೆ.

ಬಾಗಿಲು ದಡಾರೆಂದು ತೆರೆಯಿತು. ನೋನಿ ನಿಂತಿದ್ದಳು, ತಲೆವಸ್ತ್ರ ಕುತ್ತಿಗೆಗೆ ಜಾರಿ, ಏದುಸಿರು ಬಿಡುತ್ತಾ. ಬಕೆಟ್ಟು ಖಾಲಿ.

"ಯಾರದು?" ಎಂದಳು. "ಬಾವಿ ಹತ್ರ ಕೇಳಿಸ್ತು. ಕಾಲೇ ಬರ್ಲಿಲ್ಲ ನಂಗೆ, ಅಲ್ಲೇ ಕೂತ್‌ಬಿಟ್ಟೆ. ಡೀಲಿಯಾ ನುಡಿಸ್ತಿದ್ಲು ಸೆನನ್."

"ಏನ್ ಮಾತು ಅಂತ ಆಡ್ತೀಯ. ಈ ಹುಡುಗಿ ನುಡಿಸಿದ್ದು. ತಪ್ಪಿತ್ತು, ತಿದ್‌ದೆ."

"ತಪ್ಪಾ? ಆ ಉಸಿರಾ?" ನೋನಿ ಬಕೆಟ್ಟನ್ನು ನೆಲಕ್ಕಿಟ್ಟಳು. "ಗೋಡೆ ಆಚೆಯಿಂದ ಎಷ್ಟು ಸಲ ಕೇಳಿದೀನಿ ಅದನ್ನ. ನೀನು ಅವಳೆದುರೇ ಕೂತಿದ್ಯಲ್ಲೋ ಮಾರಾಯ, ನಿಂಗೆ ಗೊತ್ತಾಗ್ಲಿಲ್ವಾ?" ಆಮೇಲೆ ವಿನಿಯತ್ತ ತಿರುಗಿದಳು. "ಎಲ್ಲಿ ಕಲಿತೆ ತಾಯಿ ಇದನ್ನ?"

ವಿನಿ ಕುರ್ಚಿಯಿಂದ ಎದ್ದು ಬಾಗಿಲ ಬಳಿ ಹೋಗಿ ನಿಂತಳು, ಹೊರಗೆ ಕಳಿಸಿದರೆ ಹೋಗಲು ಸುಲಭವಾಗಲೆಂಬಂತೆ. "ನಾನೂ ಆ ಆಸ್ಪತ್ರೇಲಿ ಇದ್ದೆ," ಎಂದಳು. "ಈಗ ವಾಸಿಯಾಗಿದೆ, ಡಾಕ್ಟ್ರು ಬರ್ದು ಕೊಟ್ಟಿದಾರೆ. ಆದ್ರೂ ಹೇಳಿದ್ರೆ ಜನ ಲೋಟಾನೂ ಮುಟ್ಟೋಕೆ ಬಿಡಲ್ಲ, ಅದಕ್ಕೇ ಹೇಳ್ಲಿಲ್ಲ. ಡೀಲಿಯಾಂದು ನನ್ನ ಪಕ್ಕದ ಮಂಚ. ಊದಬಾರ್ದು ಅಂತ ನರ್ಸುಗಳು ಕಟ್ಟುನಿಟ್ಟು ಮಾಡಿದ್ರು. ಅವರು ಟೀಗೆ ಹೋದಾಗ ನುಡಿಸೋಳು. ನಂಗೆ ಕಲಿಸಿದ್ದು ಇದೊಂದೇ."

ಒಲೆಯಲ್ಲಿ ಸೌದೆಯ ಬದಲು ಉರಿಯುತ್ತಿದ್ದ ಜೌಗುಮಣ್ಣಿನ ಹೆಂಟೆಯೊಂದು ಕುಸಿದು ಬಿತ್ತು.

"ಆ ಸ್ವರ ಹತ್ತೋಕೆ ಅವಳಿಗೆ ಆಗ್ತಾನೇ ಇರ್ಲಿಲ್ಲ. ನಾನು ಹೇಳಿದೆ, ಸರಿಯಾದ್ದು ಬಾಯಲ್ಲಿ ಹಾಡಿ ತೋರ್ಸು, ಹಾಗೇ ಕಲೀತೀನಿ ಅಂತ. ಬೇಡ ಅಂದ್ಲು." ವಿನಿ ಕಣ್ಣೊರೆಸಿಕೊಂಡಳು. "'ನೀನು ಹೀಗೇ ಕಲಿ. ಗುಣ ಆದ್ಮೇಲೆ ನಮ್ಮಪ್ಪನ ಹತ್ರ ಹೋಗು. ಏನೂ ಹೇಳ್ಬೇಡ, ಸುಮ್ನೆ ನುಡ್ಸು. ಆ ಜಾಗ ಬಂದಾಗ ನುಂಗ್‌ದೆ ಅಂತ ಕೂಗ್ತಾರೆ. ಅಷ್ಟೊತ್ತಿಗೆ ನಾನೇ ಅಂತ ಅವರಿಗೆ ಗೊತ್ತಾಗಿರತ್ತೆ' ಅಂದ್ಲು. ನೀವು ಕೂಗಿದ್ರಿ. ಗೊತ್ತಾಯ್ತು ಅಂದ್ಕೊಂಡೆ. ಆಮೇಲೆ ತಿದ್ದೋಕೆ ಶುರು ಮಾಡಿದ್ರಿ. ಅವಳ ನೆನಪು ನಿಮಗೆ ಬೇಡ ಅಂತಿರಬೇಕು, ದೊಡ್ಡೋರು, ಹೇಗೆ ಬೇಡ ಅನ್ನೋದು ಅಂತ ನಾನೂ ಸುಮ್ನೆ ನುಡಿಸ್‌ದೆ."

ಸೆನನ್ ಅಷ್ಟು ವರ್ಷ ಬೇಡಿಕೊಂಡದ್ದು ಭಾನುವಾರದ ಬೆಳಕಿನಲ್ಲಿ ಬಾಗಿಲು ತಟ್ಟಿ ಒಳಗೆ ಬಂದಿತ್ತು. ಅವನು ಅದನ್ನು ಎದುರಿಗೆ ಕೂರಿಸಿಕೊಂಡು, ತಾಳ ಕೊಟ್ಟು ಕೊಟ್ಟು, ಅಳಿಸಿಹಾಕಿದ್ದ.

"ಮೊದಲಿನ ಹಾಗೆ ನುಡ್ಸು ಮಗೂ," ಎಂದ. "ನಾನ್ ಹೇಳಿದ್ದೆಲ್ಲ ಬಿಟ್‌ಬಿಡು. ಬರೋವಾಗ ಹೇಗಿತ್ತೋ ಹಾಗೆ."

ವಿನಿ ನುಡಿಸಿದಳು. ಮಟ್ಟು ಹತ್ತಿತು. ತುದಿಯ ಸ್ವರ ದುಂಡಗೆ ಬಂತು. ಅವಳು ನಾಲಿಗೆ ಕಚ್ಚಿಕೊಂಡು ಮತ್ತೆ ಶುರು ಮಾಡಿದಳು. ಮತ್ತೆ ಬಂತು. ಮುಂದಿನ ಸಲ ಅಲ್ಲಿ ಬೇಕೆಂದೇ ನಿಲ್ಲಿಸಿದಳು, ಬಿಟ್ಟ ಜಾಗ ಕತ್ತರಿಯಿಂದ ಕತ್ತರಿಸಿದಷ್ಟು ನೇರವಾಗಿತ್ತು.

"ಅದಲ್ಲ," ಎಂದಳು ನೋನಿ ಮೆಲ್ಲಗೆ.

"ಬರ್ತಾ ಇಲ್ಲ," ಎಂದಳು ವಿನಿ, ಬಿಕ್ಕುತ್ತಾ. "ಇಷ್ಟು ವರ್ಷ ಜೋಪಾನ ಮಾಡಿದ್ದೆ. ಎನ್ನಿಸ್‌ನಲ್ಲಿ ಕುಂಟು ಜಿಗ್ ಅಂತ ನಗ್ತಿದ್ರು, ಆದ್ರೂ ಬಿಟ್ಟಿರ್ಲಿಲ್ಲ."

ಸೆನನ್ ನೆಲಕ್ಕೆ ಮೊಣಕಾಲೂರಿ ಬೆಂಚಿನಡಿಯಿಂದ ಪೆಟ್ಟಿಗೆ ಎಳೆದ. ಎದುರುಬದುರು ಕೂತು ಇಬ್ಬರೂ ನುಡಿಸಿದರೆ, ಡೀಲಿಯಾ ಜೊತೆ ನುಡಿಸುತ್ತಿದ್ದ ಹಾಗೆ ನುಡಿಸಿದರೆ, ಬರಬಹುದೇನೋ. ಬೇರೇನೂ ಅವನಿಗೆ ಹೊಳೆಯಲಿಲ್ಲ. ತಿದಿಯ ಪಟ್ಟಿಯನ್ನು ಸೊಂಟಕ್ಕೂ ಮೊಣಕೈಗೂ ಬಿಗಿದುಕೊಂಡ. ಚೀಲದ ತೊಗಲು ಒಣಗಿ ಸೆಟೆದುಕೊಂಡಿತ್ತು. ಒತ್ತಿದಾಗ ಹೊಲಿಗೆಯ ಸಂದುಗಳಿಂದ ಗಾಳಿ ಸುಯ್ಯೆಂದು ಸೋರಿತು. ಕೊಳವೆ ಕೆಮ್ಮಿತು, ಆಮೇಲೆ ಹೇಗೋ ಹಾಡಿತು.

"ನೀನೂ ಬಾ," ಎಂದ ವಿನಿಗೆ.

ಗೇಟಿನ ಜಿಗ್ ಶುರುವಾಯಿತು. ವಿನಿ ಕೊಳಲು ಹಿಡಿದು ಮೊದಲ ಸುತ್ತು ಮುಗಿಯಲೆಂದು ಕಾದಳು. ಕೆಳಗಿನ ಸ್ವರಗಳಿಗೆ ಗಾಳಿ ಸಾಕಾಗುತ್ತಿತ್ತು. ಎರಡನೆಯ ಭಾಗಕ್ಕೆ ಹೊರಳಿದಾಗ ಸೆನನ್ ತಿದಿಯನ್ನು ಜೋರಾಗಿ ಒತ್ತತೊಡಗಿದ. ಮೇಲಕ್ಕೆ ಹತ್ತಬೇಕಾದರೆ ಚೀಲ ಬಿಗಿಯಾಗಿರಬೇಕು, ಅದು ಬಿಗಿಯಾಗುತ್ತಿರಲಿಲ್ಲ; ತುಂಬಿದಷ್ಟೂ ಸೋರುತ್ತಿತ್ತು. ಒತ್ತಿದ, ಇನ್ನೂ ಒತ್ತಿದ. ಹಣೆಯಲ್ಲಿ ಬೆವರು ಬಂತು. ಆ ಸ್ವರ ಅವನಿಗೆ ಬೇಕಾಗಿತ್ತು, ಪ್ರಾಣ ಕೊಟ್ಟಾದರೂ ಬೇಕಾಗಿತ್ತು. ಬೆರಳುಗಳು ಸರಿಯಾದ ಜಾಗದಲ್ಲೇ ಇದ್ದವು. ಗಾಳಿ ಇರಲಿಲ್ಲ.

ತುದಿಯಲ್ಲಿ ಪೈಪ್ಸ್ ಆ ಸ್ವರವನ್ನು ನುಂಗಿತು. ಒಂದು ಚೂರು ಉಸಿರು ಮಾತ್ರ ಬಂತು.

ಅದೇ. ಸೆನನ್ನನಿಗೆ ಗೊತ್ತಾಯಿತು. ಸೋಮಾರಿತನವಲ್ಲ, ಊಟವಿಲ್ಲದ್ದಲ್ಲ. ಆ ಕ್ರಿಸ್‌ಮಸ್ಸಿನಲ್ಲಿ ಅವನೆದುರು ಕೂತ ಹುಡುಗಿ ಉಸಿರಿಗಾಗಿ ಹೀಗೇ ಒದ್ದಾಡಿದ್ದಳು, ಜನ ನಕ್ಕಾಗ ತಾನೂ ನಕ್ಕಿದ್ದಳು.

ಅವನು ನಿಲ್ಲಿಸದೆ ಮತ್ತೆ ಮೊದಲಿಗೆ ಬಂದ. ಎರಡನೆಯ ಸುತ್ತಿನಲ್ಲಿ ವಿನಿಯೂ ಸೇರಿಕೊಂಡಳು; ಅವನು ಕಿವಿಯನ್ನು ಆ ಜಾಗಕ್ಕೆ ಒಡ್ಡಿ ಕಾದ. ಈ ಸಲ ಹಿಡಿದಿಟ್ಟುಕೊಳ್ಳುತ್ತೇನೆ ಎಂದುಕೊಂಡ. ಮಟ್ಟು ಹತ್ತಿತು, ಚೀಲ ಸೋತಿತು, ಸ್ವರದ ಜಾಗದಲ್ಲಿ ಬಿರುಕು ತೆರೆದುಕೊಂಡಿತು. ಅದರೊಳಗೆ ವಿನಿಯ ಕೊಳಲಿನಿಂದ ಆ ಸ್ವರ ತುಂಬಿಕೊಂಡು ಬಂತು, ಅವನು ಕಲಿಸಿದ ಹಾಗೆಯೇ, ಎಲ್ಲೂ ತಪ್ಪಿಲ್ಲದೆ.

ಸೆನನ್ನನ ಕೈ ತಿದಿಯ ಮೇಲೆ ಸುಮ್ಮನಾಯಿತು. ನೋನಿ ವಿನಿಯ ಭುಜ ಹಿಡಿದು ಒಲೆಯ ಹತ್ತಿರ ಕೂರಿಸಿದಳು. ಆಮೇಲೆ ಟೀಗೆ ನೀರಿಲ್ಲವೆಂದು ಬಕೆಟ್ಟು ಎತ್ತಿಕೊಂಡು ಮತ್ತೆ ಬಾವಿಗೆ ಹೋದಳು.