ಪುರಸೈವಾಕ್ಕಂನ ಪ್ರತಿ

ತೃಪ್ತಿ ಬರೆದ ಕಥೆಗೆ ಎಂಟು ಜಾಲಪತ್ರಿಕೆಗಳು ಬಾಗಿಲು ಹಾಕಿದ್ದವು, ಒಂಬತ್ತನೆಯದು ತೆರೆಯಿತು. ‘ಎರಡು ಕೊಡ’ ನಮಗೆ ಹಿಡಿಸಿದೆ, ಸೋಮವಾರದೊಳಗೆ ಜೊತೆಗಿರುವ ಘೋಷಣೆಗೆ ಸಹಿ ಹಾಕಿ ಕಳಿಸಿ ಎಂದು ಸಂಪಾದಕರು ಬರೆದಿದ್ದರು. ಘೋಷಣೆ ಇಷ್ಟೇ: ಈ ಕಥೆ ಫೇಸ್‌ಬುಕ್, ವಾಟ್ಸಾಪ್ ಸೇರಿದಂತೆ ಎಲ್ಲಿಯೂ ಯಾವ ರೂಪದಲ್ಲೂ ಪ್ರಕಟವಾಗಿಲ್ಲ.

ಆಗಿತ್ತು. ನೀರಿನ ಲಾರಿಯ ಸಾಲಿನಲ್ಲಿ ಜಗಳವಾಡಿ ಗೆಳತಿಯರಾಗುವ ಇಬ್ಬರು ಹೆಂಗಸರ ಕಥೆಯನ್ನು ಬರೆದು ಮುಗಿಸಿದ ದಿನವೇ, ತಡೆಯಲಾರದೆ, ಫೇಸ್‌ಬುಕ್ಕಿಗೆ ಹಾಕಿದ್ದಳು. ಮೂವತ್ತೊಂದು ಲೈಕು ಬಂದವು. ಅರ್ಧಕ್ಕರ್ಧ ನೆಂಟರವು, ಎರಡನೇ ಸಾಲು ದಾಟದವರವು. ಆಮೇಲೆ ಪತ್ರಿಕೆಗಳ ಆಸೆ ಹುಟ್ಟಿ ಅಳಿಸಿ ಹಾಕಿದಳು. ಅಳಿಸಿದರೆ ಮುಗಿಯಿತು ಎಂದು ನಂಬಿದವರಲ್ಲಿ ಅವಳೇನೂ ಮೊದಲನೆಯವಳಲ್ಲ.

ಚೆನ್ನೈನ ಅಡ್ಯಾರಿನ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ಕಾಗದಗಳಿಗೆ ಸಹಿ ಹಾಕಿದವಳಿಗೆ ಒಂದು ಕಥೆಯ ಕೆಳಗೆ ತನ್ನ ಹೆಸರು ನೋಡಬೇಕಿತ್ತು. ಇನ್ನೇನೂ ಬೇಕಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಹೋದ್ಯೋಗಿ ಹರ್ಷಿಣಿ ಫೋನು ಮುಂದೆ ಹಿಡಿದಳು. ಹರ್ಷಿಣಿಯ ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು. ಅವರ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಬಂದ ಚಿತ್ರಗಳಂತೆ: ಗೆರೆ ಹಾಕಿದ ನೋಟ್‌ಬುಕ್ಕು, ನೀಲಿ ಶಾಯಿ, ತಮಿಳು ಅಕ್ಷರ. ಆದರೆ ಬ್ಯಾಂಕಿನಲ್ಲಿ ತಮಿಳು ಓದಲು ಬರೆಯಲು ಕಲಿತಿದ್ದ ತೃಪ್ತಿ ಓದಿ ನೋಡಿದರೆ ಕನ್ನಡ. ಮೂರನೇ ಸಾಲಿಗೆ ಮೊಸರನ್ನದ ಡಬ್ಬಿ ಪಕ್ಕಕ್ಕೆ ಸರಿಸಿದಳು. ಅದು ಅವಳದೇ ಕಥೆ, ಕೆಳಗೆ ಯಾರ ಹೆಸರೂ ಇಲ್ಲ. ಮೊದಲು ಸಿಟ್ಟು ಬಂತು, ಹಿಂದೆಯೇ ಭಯ. ಸಂಪಾದಕರಿಗೆ ಗೊತ್ತಾದರೆ ಎಲ್ಲ ನೀರುಪಾಲು.

ನೋಟ್‌ಬುಕ್ಕಿಗೆ ಬರೆದುಕೊಂಡವರು ಹರ್ಷಿಣಿಯ ದೊಡ್ಡಮ್ಮ ಸಾಕಮ್ಮ. ಶನಿವಾರ ತೃಪ್ತಿ ಬಸ್ಸು ಹತ್ತಿ ಪುರಸೈವಾಕ್ಕಂಗೆ ಹೋದಳು. ಚಿತ್ರಗಳನ್ನು ತೆಗೆಸಿಬಿಡಿ, ಆ ಹಾಳೆಗಳನ್ನೂ ಹರಿದುಬಿಡಿ ಎಂದು ನಯವಾಗಿ ಹೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದಳು. ಜವಳಿ ಅಂಗಡಿಯ ಹಿಂದಿನ ಮಹಡಿ ಮನೆಯಲ್ಲಿ ಸಾಕಮ್ಮ ಕಾಫಿ ಕೊಟ್ಟರು. ಆ ಕಥೆಯ ವಿಷಯವಾಗಿ ಬಂದೆ ಅಂದದ್ದೇ ತಡ, ಎದ್ದು ಹೋಗಿ ನೋಟ್‌ಬುಕ್ಕು ತಂದು ಕನ್ನಡಕ ಏರಿಸಿದರು.

“ನಂಗೆ ನಮ್ ಪಾಷೆ ಬರುತ್ತೆ, ಎಳುತ್ತು ಬರಲ್ಲ” ಅಂದರು. ಎಳುತ್ತು ಅಂದರೆ ತಮಿಳಿನಲ್ಲಿ ಅಕ್ಷರ.

ಹೋದ ವರ್ಷ ಮೈಸೂರಿನಿಂದ ಬಂದಿದ್ದ ಸೊಸೆ ತನ್ನ ಫೋನಿನಲ್ಲಿ ಫೇಸ್‌ಬುಕ್ ತೆರೆದು ಈ ಕಥೆ ಓದಿ ಹೇಳಿದ್ದಳಂತೆ. ಒಂದೊಂದು ಸಾಲನ್ನೂ ಹತ್ತು ಸಲ ಓದಿಸಿ, ತಮಗೆ ಗೊತ್ತಿದ್ದ ಅಕ್ಷರದಲ್ಲಿ ಬರೆದುಕೊಂಡರಂತೆ. ಆರು ದಿನ ಹಿಡಿಯಿತು. ಆಮೇಲೆ ಅದು ಹನ್ನೊಂದು ಮನೆ ತಿರುಗಿ, ಅರಿಶಿನದ ಬೆರಳಚ್ಚು ಹೊತ್ತು ವಾಪಸು ಬಂದಿತ್ತು. ಹರಿದ ಮೂಲೆಯನ್ನು ಯಾರೋ ದಾರದಲ್ಲಿ ಹೊಲಿದಿದ್ದರು.

ಸಾಕಮ್ಮ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ತೃಪ್ತಿ ‘ಕಲಹ’ ಎಂದು ಗತ್ತಿನಿಂದ ಬರೆದಿದ್ದ ಕಡೆ, ಜಗಳಕ್ಕೆ ತಮಿಳಿನಲ್ಲಿ ಅನ್ನುವಂತೆ, ‘ಸಂಡೆ’ ಅಂದರು, ಅದೇ ಚೆನ್ನಾಗಿತ್ತು. ಕೊಡಗಳು ಡಿಕ್ಕಿ ಹೊಡೆಯುವಲ್ಲಿ ಒಬ್ಬರೇ ನಕ್ಕರು. ಕೊನೆಯ ಪುಟಕ್ಕೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದರು.

“ನಂಗೆ ಎಪ್ಪತ್ತೆರಡು ವರ್ಷ ಆಯ್ತು ಮಗಳೇ. ನಮ್ ಪಾಷೇಲಿ ನಾನೇ ಓದಿದ ಮೊದಲ್ನೇ ಕತೆ ಇದು.”

ತೃಪ್ತಿ ಲೈಕುಗಳನ್ನು ನೋಡಿದ್ದಳು, ಓದುಗರನ್ನು ನೋಡಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕುಳಿತು ತಾನು ಫೋನಿನಲ್ಲಿ ಕುಟ್ಟಿದ ನಾಲ್ಕು ಪುಟ ಇಷ್ಟು ದೂರ ನಡೆದು ಬಂದಿದೆ, ಯಾರ ಅಪ್ಪಣೆಯನ್ನೂ ಕೇಳದೆ, ಅಕ್ಷರ ಬದಲಿಸಿಕೊಂಡು. ದೇವರ ಮುಂದೆಯೂ ಅವಳು ಅಷ್ಟು ಸಣ್ಣವಳಾಗಿ ಕುಳಿತದ್ದಿಲ್ಲ. ಅಭ್ಯಾಸ ಮಾಡಿದ ಮಾತನ್ನು ಅಲ್ಲಿಗೇ ಕೈಬಿಟ್ಟಳು.

ಬರೆದವರು ಯಾರೋ, ಹೆಸರು ಕೇಳುವುದನ್ನೇ ಮರೆತೆ ಎಂದು ಸಾಕಮ್ಮ ಪೇಚಾಡಿದರು.

“ನಾನೇ ಅಮ್ಮಾ” ಅಂದಳು ತೃಪ್ತಿ.

ಸಾಕಮ್ಮ ಅವಳ ಬಲಗೈ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಅದೇ ಕೈಗೆ ಪೆನ್ನು ಕೊಟ್ಟು, “ಇಲ್ಲಿ ಹೆಸ್ರು ಬರಿ. ನಾನು ಓದೋ ಹಂಗೆ ಬರಿ” ಅಂದರು.

ತೃಪ್ತಿ ತಮಿಳು ಅಕ್ಷರದಲ್ಲಿ ಬರೆದಳು. ಇಪ್ಪತ್ತು ವರ್ಷ ಸಹಿ ಗೀಚಿದ ಕೈ ಒಂದೊಂದೇ ಅಕ್ಷರವನ್ನು ದುಂಡಗೆ ಕೂರಿಸಿತು.

ಬಸ್ ಸ್ಟಾಪಿನಲ್ಲಿ ನಿಂತು ಸಂಪಾದಕರಿಗೆ ಉತ್ತರ ಬರೆದಳು: ‘ಕ್ಷಮಿಸಿ, ಸಹಿ ಹಾಕಲಾರೆ. ಈ ಕಥೆ ಪುರಸೈವಾಕ್ಕಂನಲ್ಲಿ ಆಗಲೇ ಪ್ರಕಟವಾಗಿದೆ. ಒಂದೇ ಪ್ರತಿ. ಕೆಳಗೆ ನನ್ನ ಹೆಸರೂ ಇದೆ.’